ಸೂರ್ಯನ ಕಿರುಜ್ವಾಲೆಗಳು: ಅಳೆದದ್ದೆಷ್ಟು, ಹೇಳಿದ್ದೆಷ್ಟು?

2019ರ ಜುಲೈ 22ರಂದು ಉಡಾಯಿಸಿದ ಚಂದ್ರಯಾನ-2 ನೌಕೆಯಲ್ಲಿ ಚಂದ್ರನನ್ನು ನೋಡುವ ಉಪಕರಣಗಳ ಜೊತೆಗೆ ಸೂರ್ಯನನ್ನು ನೋಡುವ ಒಂದು ಚಿಕ್ಕ ಉಪಕರಣವೂ ಇತ್ತು. ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ತಯಾರಾದ ಇದರ ಹೆಸರು ಸೌರ ಕ್ಷ-ಕಿರಣ ಮಾಪಕ. ಸೌರ ಚಟುವಟಿಕೆ ತೀರಾ ಇಳಿದಿದ್ದ 2019-20ರ ಅವಧಿಯಲ್ಲಿ, ಸೂರ್ಯನ ಮುಖದಲ್ಲಿ ಸಕ್ರಿಯ ವಲಯಗಳೇ ಇಲ್ಲದಿದ್ದ 76 ದಿನಗಳ ದತ್ತಾಂಶದಲ್ಲಿ ಇದು 98 ಕಿರುಜ್ವಾಲೆಗಳನ್ನು ಗುರುತಿಸಿತು. ಫಲಿತಾಂಶ 2021ರಲ್ಲಿ 'ಅಸ್ಟ್ರೊಫಿಸಿಕಲ್ ಜರ್ನಲ್ ಲೆಟರ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತೀಯ ಸೌರವಿಜ್ಞಾನಕ್ಕೆ ಇದೊಂದು ಗಣನೀಯ ಸಾಧನೆ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಪ್ರಯೋಗಾಲಯದಿಂದ ಹೊರಟ ಫಲಿತಾಂಶ ತರಗತಿಯನ್ನು ತಲಪುವ ಹೊತ್ತಿಗೆ ಅದರ ರೂಪ ಬದಲಾಗುತ್ತದೆ. ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳಲ್ಲಿ ಭೌತವಿಜ್ಞಾನದ ಅಧ್ಯಾಪಕರೊಂದಿಗೆ, ವಿದ್ಯಾರ್ಥಿಗಳೊಂದಿಗೆ ಮಾತನಾಡುವಾಗ ಮೂರು ಹೇಳಿಕೆಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು: ಜ್ವಾಲೆಯ ವರ್ಗ ತಿಳಿದರೆ ಅದರ ಶಕ್ತಿ ತಿಳಿದಂತೆಯೇ. ಎರಡು: ಕಿರುಜ್ವಾಲೆ ಎಂದರೆ ದೊಡ್ಡ ಜ್ವಾಲೆಯ ಚಿಕ್ಕ ಪ್ರತಿ. ಮೂರು: ಕಿರುಜ್ವಾಲೆಗಳೇ ಕರೋನವನ್ನು ಕಾಯಿಸುತ್ತವೆ ಎಂಬುದು ಈಗ ಸಿದ್ಧವಾಗಿದೆ. ಈ ಮೂರನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಮೂರರಲ್ಲೂ ಇರುವ ದೋಷ ಒಂದೇ. ಬಿಸಿಯಾದ ಅನಿಲವನ್ನು ಅಳೆದು, ವೇಗೋತ್ಕರ್ಷಗೊಂಡ ಕಣಗಳನ್ನು ಅಳೆದೆವೆಂದು ಭಾವಿಸುವುದೇ ಆ ದೋಷ.

ಜ್ವಾಲೆ ಉರಿಯಲ್ಲ

ಮೊದಲು ಪದದ ವಿಚಾರ. ಕನ್ನಡದಲ್ಲಿ 'ಸೌರಜ್ವಾಲೆ' ಎಂಬ ಪದ ಬಳಕೆಗೆ ಬಂದು ನೆಲೆ ನಿಂತಿದೆ, ಅದನ್ನು ಬದಲಿಸಬೇಕಾಗಿಲ್ಲ. ಆದರೆ ಇಲ್ಲಿ ಯಾವುದೂ ಉರಿಯುವುದಿಲ್ಲ. ಕರೋನದಲ್ಲಿ, ಅಂದರೆ ಸೂರ್ಯನ ಹೊರ ವಾತಾವರಣದಲ್ಲಿ, ಕಾಂತಕ್ಷೇತ್ರದ ರೇಖೆಗಳು ತಿರುಚಿಕೊಂಡು ಶಕ್ತಿ ಸಂಗ್ರಹವಾಗಿರುತ್ತದೆ. ವಿರುದ್ಧ ದಿಕ್ಕಿನ ರೇಖೆಗಳು ಒತ್ತಟ್ಟಿಗೆ ಬಂದಾಗ ಅವು ಮುರಿದು ಬೇರೆ ರೀತಿಯಲ್ಲಿ ಜೋಡಿಕೊಳ್ಳುತ್ತವೆ. ಈ ಮರುಜೋಡಣೆಯಲ್ಲಿ ಬಿಡುಗಡೆಯಾದ ಶಕ್ತಿ ಹಲವು ಪಾಲಾಗುತ್ತದೆ. ಒಂದು ಪಾಲು ಪ್ಲಾಸ್ಮಾವನ್ನು ಕಾಯಿಸುತ್ತದೆ, ಇನ್ನೊಂದು ಪಾಲು ಅದನ್ನು ತಳ್ಳುತ್ತದೆ, ಮತ್ತೊಂದು ಪಾಲು ಕೆಲವು ಇಲೆಕ್ಟ್ರಾನ್ ಮತ್ತು ಅಯಾನುಗಳನ್ನು ಅತಿ ವೇಗಕ್ಕೆ ಏರಿಸುತ್ತದೆ. ಈ ಕೊನೆಯ ಪಾಲೇ ಕಣಗಳ ವೇಗೋತ್ಕರ್ಷ. ಕುಗ್ಗುತ್ತಿರುವ ಕಾಂತ ಕುಣಿಕೆಯೊಳಗೆ, ಹತ್ತಿರ ಸರಿಯುವ ಎರಡು ಗೋಡೆಗಳ ನಡುವೆ ಪುಟಿಯುವ ಚೆಂಡಿನಂತೆ ಕಣ ಪ್ರತಿ ಪುಟಿತಕ್ಕೂ ಶಕ್ತಿ ಪಡೆಯಬಹುದು. ಮರುಜೋಡಣೆಯ ಜಾಗದ ವಿದ್ಯುತ್ ಕ್ಷೇತ್ರವೂ, ಪ್ಲಾಸ್ಮಾದ ಪ್ರಕ್ಷುಬ್ಧತೆಯೂ ಕಣಗಳನ್ನು ಓಡಿಸಬಲ್ಲವು. ಯಾವ ಜ್ವಾಲೆಯಲ್ಲಿ ಯಾವುದು ಮುಖ್ಯ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಗಾತ್ರದ ಹೆಸರುಗಳನ್ನೂ ನೆನಪಿಡಬೇಕು. ದೊಡ್ಡ ಜ್ವಾಲೆಯೊಂದರ ಶಕ್ತಿ 10²⁵ರಿಂದ 10²⁶ ಜೂಲ್. ಅದರ ಹತ್ತು ಲಕ್ಷದಲ್ಲೊಂದು ಭಾಗ, ಅಂದರೆ 10²⁰ ಜೂಲ್‌ನ ಆಸುಪಾಸಿನದು ಕಿರುಜ್ವಾಲೆ ಅಥವಾ ಮೈಕ್ರೊ ಜ್ವಾಲೆ. ಅದರ ಸಾವಿರದಲ್ಲೊಂದು ಭಾಗ ನ್ಯಾನೊ ಜ್ವಾಲೆ. ಇಂಥ ಅಸಂಖ್ಯ ನ್ಯಾನೊ ಜ್ವಾಲೆಗಳು ಕರೋನವನ್ನು ಕಾಯಿಸುತ್ತಿರಬಹುದೆಂಬ ಊಹೆಯನ್ನು ಯೂಜೀನ್ ಪಾರ್ಕರ್ 1988ರಲ್ಲಿ ಮಂಡಿಸಿದರು. 'ಕಿರು' ಎಂಬುದು ಸೂರ್ಯನ ಅಳತೆಯಲ್ಲಿ ಮಾತ್ರ. ಕೈಗಾ ಅಣುವಿದ್ಯುತ್ ಸ್ಥಾವರದ ನಾಲ್ಕು ಘಟಕಗಳ ಒಟ್ಟು ಸಾಮರ್ಥ್ಯ 880 ಮೆಗಾವಾಟ್. ಒಂದು ಕಿರುಜ್ವಾಲೆಯ 10²⁰ ಜೂಲ್ ಶಕ್ತಿಯನ್ನು ಉತ್ಪಾದಿಸಲು ಅದು ಎಡೆಬಿಡದೆ ಸುಮಾರು 3,600 ವರ್ಷ ನಡೆಯಬೇಕು.

ವರ್ಗ ಏನನ್ನು ಹೇಳುತ್ತದೆ?

ಎ, ಬಿ, ಸಿ, ಎಂ, ಎಕ್ಸ್ ಎಂಬ ಐದು ವರ್ಗಗಳು ಪತ್ರಿಕೆಗಳಲ್ಲಿ ಆಗಾಗ ಕಾಣುತ್ತವೆ. ಭೂಮಿಯ ಬಳಿ ಅಮೆರಿಕದ ಗೋಸ್ ಉಪಗ್ರಹಗಳು 1ರಿಂದ 8 ಆಂಗ್‌ಸ್ಟ್ರಾಮ್ ತರಂಗಾಂತರದಲ್ಲಿ ಅಳೆಯುವ ಮೃದು ಕ್ಷ-ಕಿರಣದ ಗರಿಷ್ಠ ಹರಿವು ಇದಕ್ಕೆ ಆಧಾರ. ಎ ವರ್ಗ ಚದರ ಮೀಟರಿಗೆ 10⁻⁸ ವಾಟ್‌ನಿಂದ ಮೊದಲಾಗುತ್ತದೆ. ಪ್ರತಿ ಮುಂದಿನ ವರ್ಗ ಹತ್ತು ಪಟ್ಟು. ಎಕ್ಸ್ ವರ್ಗ 10⁻⁴ ವಾಟ್‌ನಿಂದ ಮೊದಲು. ಚಂದ್ರಯಾನ-2 ಕಂಡ 98 ಜ್ವಾಲೆಗಳು ಎ ವರ್ಗದ ಮೆಟ್ಟಿಲಿಗಿಂತಲೂ ಕೆಳಗಿನವು.

ಈ ವ್ಯಾಖ್ಯೆಯನ್ನು ಎಚ್ಚರದಿಂದ ಓದಿದರೆ ಅದರ ಮಿತಿ ಕಾಣುತ್ತದೆ. ಅದು ಗರಿಷ್ಠ ಹರಿವು, ಒಟ್ಟು ಶಕ್ತಿಯಲ್ಲ. ಎರಡು ನಿಮಿಷದಲ್ಲಿ ಮುಗಿದ ಜ್ವಾಲೆಗೂ ಎರಡು ಗಂಟೆ ನಡೆದ ಜ್ವಾಲೆಗೂ ಒಂದೇ ವರ್ಗ ಸಿಗಬಹುದು. ಎರಡನೆಯದಾಗಿ, ಅದು ಮೃದು ಕ್ಷ-ಕಿರಣದ ಹರಿವು. ಅದನ್ನು ಹೊಮ್ಮಿಸುವುದು ಕಾದ ಪ್ಲಾಸ್ಮಾ. ಓಟದ ಕಣಗಳ ನೇರ ಸುದ್ದಿ ಅದರಲ್ಲಿಲ್ಲ. ಅಡುಗೆಮನೆಯ ಪಾತ್ರೆ ಎಷ್ಟು ಕಾದಿದೆ ಎಂದು ಮುಟ್ಟಿ ನೋಡಿದರೆ ಅದರಡಿ ಉರಿದದ್ದು ಸೌದೆಯೋ ಗ್ಯಾಸೋ ಎಂದು ತಿಳಿಯುವುದಿಲ್ಲವಷ್ಟೆ.

ಬಿಸಿ ಬೇರೆ, ವೇಗೋತ್ಕರ್ಷ ಬೇರೆ

ಎರಡನೇ ಹೇಳಿಕೆಗೆ ಬರೋಣ. ತಾಪ ಒಂದು ಕೋಟಿ ಕೆಲ್ವಿನ್ ಮುಟ್ಟಿದರೂ ಪ್ಲಾಸ್ಮಾದ ಕಣವೊಂದರ ಸರಾಸರಿ ಚಲನಶಕ್ತಿ ಸುಮಾರು 1.3 ಕಿಲೋ ಇಲೆಕ್ಟ್ರಾನ್‌ವೋಲ್ಟ್ ಮಾತ್ರ. ಆ ತಾಪದಲ್ಲಿ ಬೋಲ್ಟ್ಸ್‌ಮನ್ ಘಾತೀಯ ಪದದ ಬೆಲೆ 10 ಕಿಲೋ ಇಲೆಕ್ಟ್ರಾನ್‌ವೋಲ್ಟ್‌ನಲ್ಲಿ ಸುಮಾರು ಲಕ್ಷದಲ್ಲೊಂದು; 20ರಲ್ಲಿ ಸಾವಿರ ಕೋಟಿಯಲ್ಲೊಂದಕ್ಕಿಂತಲೂ ಕಡಿಮೆ. ಆದ್ದರಿಂದ ರೋಹಿತದಲ್ಲಿ 20 ಕಿಲೋ ಇಲೆಕ್ಟ್ರಾನ್‌ವೋಲ್ಟ್‌ನ ಕ್ಷ-ಕಿರಣ ಧಾರಾಳವಾಗಿ ಕಂಡರೆ ಅದು ಬಿಸಿಯ ಫಲವಲ್ಲ, ವೇಗೋತ್ಕರ್ಷದ ಫಲ. ಓಡುವ ಇಲೆಕ್ಟ್ರಾನ್ ಕೆಳಗಿನ ದಟ್ಟ ಪದರಕ್ಕೆ ಅಪ್ಪಳಿಸಿ, ಅಯಾನುಗಳ ಬಳಿ ಬಾಗಿ ನಿಧಾನಗೊಂಡಾಗ ಕಠಿಣ ಕ್ಷ-ಕಿರಣ ಹೊರಬೀಳುತ್ತದೆ. ಆಸ್ಪತ್ರೆಯ ಕ್ಷ-ಕಿರಣ ಕೊಳವೆಯಲ್ಲಿ ನಡೆಯುವುದೂ ಇದೇ. ಆದರೆ ಹೀಗೆ ಕ್ಷ-ಕಿರಣವಾಗುವುದು ಇಲೆಕ್ಟ್ರಾನುಗಳ ಶಕ್ತಿಯ ಲಕ್ಷದಲ್ಲೊಂದು ಭಾಗದಷ್ಟು. ಉಳಿದದ್ದೆಲ್ಲ ಆ ಪದರವನ್ನು ಕಾಯಿಸುವುದಕ್ಕೆ ಹೋಗುತ್ತದೆ.

ಬಿಸಿಯ ರೋಹಿತ ಘಾತೀಯವಾಗಿ ಬೇಗ ಕುಸಿಯುತ್ತದೆ. ವೇಗೋತ್ಕರ್ಷದ ರೋಹಿತ ಘಾತ ನಿಯಮದಂತೆ, ಅಂದರೆ ಶಕ್ತಿಯ ಒಂದು ನಿರ್ದಿಷ್ಟ ಋಣ ಘಾತಕ್ಕೆ ಅನುಪಾತವಾಗಿ, ಇಳಿಯುತ್ತದೆ. ದೊಡ್ಡ ಜ್ವಾಲೆಯಲ್ಲಿ ಇವೆರಡೂ ಸ್ಪಷ್ಟವಾಗಿ ಬೇರ್ಪಟ್ಟಿರುತ್ತವೆ. ಕಿರುಜ್ವಾಲೆಯಲ್ಲಿ ಹಾಗಲ್ಲ. ಅಲ್ಲಿ ಘಾತ ನಿಯಮದ ಇಳಿಜಾರೂ ಕಡಿದಾಗಿರುವುದರಿಂದ ಬಿಸಿಯ ಬಾಲ ಎಲ್ಲಿ ಮುಗಿಯಿತು, ಓಟದ ಕಣಗಳ ಪಾಲು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಈ ಗೆರೆ ಎಲ್ಲಿದೆ ಎಂಬುದು ಸಣ್ಣ ವಿಷಯವಲ್ಲ. ಒಂದು ಸರಳ ಲೆಕ್ಕ ನೋಡಿ. ಇಲೆಕ್ಟ್ರಾನುಗಳ ಸಂಖ್ಯೆ ಘಾತ ನಿಯಮದಂತೆ ಇಳಿಯುತ್ತದೆ, ಘಾತಾಂಕ 4 ಎಂದಿಟ್ಟುಕೊಳ್ಳೋಣ. ಒಂದು ಕೆಳಮಿತಿಯಿಂದ ಮೇಲಿನ ಎಲ್ಲ ಇಲೆಕ್ಟ್ರಾನುಗಳ ಒಟ್ಟು ಶಕ್ತಿ ಆ ಕೆಳಮಿತಿಯ 'ಘಾತಾಂಕ ಕಳೆ 2' ಎಂಬ ಘಾತಕ್ಕೆ ವಿಲೋಮವಾಗಿರುತ್ತದೆ. ಕೆಳಮಿತಿಯನ್ನು 20ರಿಂದ 10 ಕಿಲೋ ಇಲೆಕ್ಟ್ರಾನ್‌ವೋಲ್ಟ್‌ಗೆ ಇಳಿಸಿದರೆ ಒಟ್ಟು ಶಕ್ತಿ 2², ಅಂದರೆ 4 ಪಟ್ಟಾಗುತ್ತದೆ. ಘಾತಾಂಕ 8 ಆದರೆ? 2⁶, ಅಂದರೆ 64 ಪಟ್ಟು! 4 ದೊಡ್ಡ ಜ್ವಾಲೆಗೆ ಒಪ್ಪುವ ಅಂಕಿ, 8 ಕಿರುಜ್ವಾಲೆಗೆ ಒಪ್ಪುವ ಅಂಕಿ. ಅಂದರೆ ಜ್ವಾಲೆ ಚಿಕ್ಕದಾದಷ್ಟೂ ಅದರ ಕಣಗಳ ಶಕ್ತಿಯ ಬಗ್ಗೆ ನಮ್ಮ ಅನಿಶ್ಚಿತತೆ ದೊಡ್ಡದಾಗುತ್ತದೆ. ಈ ಮಾತನ್ನು ಹೇಳದೆ ಕೊಡುವ ಯಾವ ಶಕ್ತಿಯ ಅಂಕಿಯೂ ಅರ್ಧ ಸತ್ಯ.

ಈಗ ನಿಜವಾದ ಅಳತೆಗಳನ್ನು ನೋಡೋಣ. 2002ರ ಫೆಬ್ರವರಿಯಲ್ಲಿ ಉಡಾಯಿಸಿ 2018ರವರೆಗೆ ಕೆಲಸ ಮಾಡಿದ ರೆಸ್ಸಿ ಉಪಗ್ರಹದ ಮೊದಲ ಐದು ವರ್ಷಗಳ ದತ್ತಾಂಶದಲ್ಲಿ 25,705 ಕಿರುಜ್ವಾಲೆಗಳನ್ನು ಪಟ್ಟಿ ಮಾಡಲಾಯಿತು. 2008ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಅವು ಸಂಭವಿಸಿದ್ದು ಸಕ್ರಿಯ ವಲಯಗಳಲ್ಲಿ. ಅವುಗಳ ಕ್ಷ-ಕಿರಣ ರೋಹಿತದ ಘಾತಾಂಕದ ಮಧ್ಯಕ ಸುಮಾರು 7. ಇಲೆಕ್ಟ್ರಾನುಗಳಿಗೆ ಇದನ್ನು ಪರಿವರ್ತಿಸಿದರೆ ಸುಮಾರು 8. ಚಂದ್ರಯಾನ-2ರ 98 ಜ್ವಾಲೆಗಳಾದರೋ ಸಕ್ರಿಯ ವಲಯಗಳ ಹೊರಗೆ, ಶಾಂತ ಸೂರ್ಯನಲ್ಲಿ ಕಂಡವು. ಎರಡನ್ನೂ ನಾವು ಕಿರುಜ್ವಾಲೆ ಎಂದೇ ಕರೆಯುತ್ತೇವೆ. ಆದರೆ ಅವು ಒಂದೇ ಕುಲದವೆಂದು ಹೆಸರಿನ ಬಲದಿಂದಷ್ಟೇ ತೀರ್ಮಾನಿಸಲಾಗದು.

2017ರ ಆಗಸ್ಟ್ 21ರ ಒಂದು ಕಿರುಜ್ವಾಲೆಯನ್ನು ನೂಸ್ಟಾರ್ ದೂರದರ್ಶಕ ನೋಡಿತು. ಇದು ಕಪ್ಪುಕುಳಿ ಮುಂತಾದ ದೂರದ ಆಕರಗಳಿಗಾಗಿ ಮಾಡಿದ ದೂರದರ್ಶಕ, ಬಹು ಸೂಕ್ಷ್ಮ. ಜ್ವಾಲೆಯ ವರ್ಗ ಎ 5.7. 2020ರಲ್ಲಿ ಪ್ರಕಟವಾದ ವಿಶ್ಲೇಷಣೆ, ವೇಗೋತ್ಕರ್ಷಗೊಂಡ ಇಲೆಕ್ಟ್ರಾನುಗಳು 7 ಕಿಲೋ ಇಲೆಕ್ಟ್ರಾನ್‌ವೋಲ್ಟ್‌ಗಿಂತ ಕೆಳಗಿನವರೆಗೂ ಇದ್ದವೆಂದು ತೋರಿಸಿತು. ಅಂದರೆ ಅಷ್ಟು ಚಿಕ್ಕ ಜ್ವಾಲೆಯೂ ಕಣಗಳನ್ನು ಓಡಿಸಬಲ್ಲದು. ಯುರೋಪಿನ ಸೋಲಾರ್ ಆರ್ಬಿಟರ್ ನೌಕೆಯ ಕ್ಷ-ಕಿರಣ ದೂರದರ್ಶಕ ಇನ್ನೊಂದು ಸಂಗತಿ ತೋರಿಸಿದೆ. ಕೆಲವು ಕಿರುಜ್ವಾಲೆಗಳ ರೋಹಿತ ದೊಡ್ಡ ಜ್ವಾಲೆಗಳನ್ನೂ ನಾಚಿಸುವಷ್ಟು ಕಠಿಣ. ಇಂಥವುಗಳ ಕಾಂತ ಕುಣಿಕೆಯ ಒಂದು ಪಾದ ಸೌರಕಲೆಯೊಳಗೇ ಊರಿರುತ್ತದೆ. ಪ್ರಬಲ ಕಾಂತಕ್ಷೇತ್ರವಿರುವಲ್ಲಿ ವೇಗೋತ್ಕರ್ಷ ಚೆನ್ನಾಗಿ ನಡೆಯುತ್ತದೆ ಎಂಬ ಸೂಚನೆ ಇದು. ಹಾಗಾದರೆ ಚಿಕ್ಕದು ದೊಡ್ಡದರ ಪ್ರತಿ ಎಂಬ ಹೇಳಿಕೆ ನಿಲ್ಲುವುದಿಲ್ಲ. ಗಾತ್ರಕ್ಕಿಂತ ಜಾಗ ಮುಖ್ಯವಾಗಿರಬಹುದು.

ಸೌರಕಲೆಗಳೇ ಇಲ್ಲದ ಶಾಂತ ಸೂರ್ಯನ 98 ಜ್ವಾಲೆಗಳು ಕಣಗಳನ್ನು ಓಡಿಸಿದವೇ? ಚಂದ್ರಯಾನ-2ರ ಮಾಪಕ 1ರಿಂದ 15 ಕಿಲೋ ಇಲೆಕ್ಟ್ರಾನ್‌ವೋಲ್ಟ್ ವ್ಯಾಪ್ತಿಯದು. ಇಷ್ಟು ಮಂದ ಜ್ವಾಲೆಗಳ ಸಂಕೇತ ಕೆಲವೇ ಕಿಲೋ ಇಲೆಕ್ಟ್ರಾನ್‌ವೋಲ್ಟ್ ದಾಟುವಷ್ಟರಲ್ಲಿ ಕರಗಿಹೋಗುತ್ತದೆ. ದೊರೆತ ರೋಹಿತವನ್ನು ಒಂದೇ ತಾಪದ ಪ್ಲಾಸ್ಮಾದಿಂದ ವಿವರಿಸಲಾಗಿದೆ. ಅಳತೆಯ ಮಟ್ಟಿಗೆ ಅದು ಸರಿಯೇ. ಆದರೆ ಅದರಲ್ಲಿ ಸಿಕ್ಕಿದ್ದು ಬಿಸಿ ಮಾತ್ರ. ವೇಗೋತ್ಕರ್ಷದ ಪ್ರಶ್ನೆಗೆ ಆ ಉಪಕರಣದಿಂದ 'ಹೌದು' ಎಂಬ ಉತ್ತರವೂ ಬಂದಿಲ್ಲ, 'ಇಲ್ಲ' ಎಂಬ ಉತ್ತರವೂ ಬಂದಿಲ್ಲ.

ಕರೋನದ ಒಗಟು ಬಿಡಿಸಿತೇ?

ಮೂರನೇ ಹೇಳಿಕೆ ಅತ್ಯಂತ ಜನಪ್ರಿಯ. ಸೂರ್ಯನ ಮೇಲ್ಮೈ ತಾಪ ಸುಮಾರು 5,800 ಕೆಲ್ವಿನ್. ಅದರ ಮೇಲಿನ ಕರೋನದ ತಾಪ ಹತ್ತು ಲಕ್ಷ ಕೆಲ್ವಿನ್‌ಗೂ ಹೆಚ್ಚು. ಒಲೆಯಿಂದ ದೂರ ಸರಿದಂತೆ ಸೆಕೆ ಹೆಚ್ಚಾದ ಹಾಗೆ! ಕರೋನ ಹೀಗೆ ಬಿಸಿಯಾಗಿಯೇ ಉಳಿಯಬೇಕಾದರೆ ಶಾಂತ ಪ್ರದೇಶದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 300 ವಾಟ್ ನಿರಂತರವಾಗಿ ಒದಗುತ್ತಿರಬೇಕು.

98 ಕಿರುಜ್ವಾಲೆಗಳು ಎಷ್ಟು ಒದಗಿಸಿದವು? ಪ್ರತಿಯೊಂದರ ಉಷ್ಣ ಶಕ್ತಿ 3 × 10¹⁹ರಿಂದ 6 × 10²⁰ ಜೂಲ್ ಎಂದು ಅಂದಾಜಾಗಿದೆ. ಉದಾರವಾಗಿ ಎಲ್ಲವೂ ಗರಿಷ್ಠ ಬೆಲೆಯವೇ ಎಂದುಕೊಳ್ಳೋಣ. ಒಟ್ಟು ಸುಮಾರು 5.9 × 10²² ಜೂಲ್. 76 ದಿನಗಳೆಂದರೆ 6.57 × 10⁶ ಸೆಕೆಂಡ್. ಭಾಗಿಸಿದರೆ 9 × 10¹⁵ ವಾಟ್. ಇದನ್ನು ನಮಗೆ ಕಾಣುವ ಅರ್ಧ ಸೂರ್ಯನ ವಿಸ್ತೀರ್ಣವಾದ 3 × 10¹⁸ ಚದರ ಮೀಟರಿಗೆ ಹಂಚಿದರೆ ಚದರ ಮೀಟರಿಗೆ 0.003 ವಾಟ್. ಬೇಕಾದದ್ದು 300. ಅಂದರೆ ಲಕ್ಷದಲ್ಲೊಂದು ಭಾಗ! ಉಷ್ಣ ಶಕ್ತಿಯ ಜೊತೆಗೆ ವಿಕಿರಣವಾಗಿ ಹೋದದ್ದನ್ನೂ, ಕಣಗಳು ಒಯ್ದದ್ದನ್ನೂ ಸೇರಿಸಿ ಇದನ್ನು ಹತ್ತು ಪಟ್ಟು ಮಾಡಿದರೂ ಕೊರತೆ ತುಂಬುವುದಿಲ್ಲ. ಎರಡನೇ ಪಿಯುಸಿ ವಿದ್ಯಾರ್ಥಿ ಹತ್ತು ನಿಮಿಷದಲ್ಲಿ ಮಾಡಬಹುದಾದ ಈ ಲೆಕ್ಕ 'ಒಗಟು ಬಿಡಿಸಿತು' ಎಂಬ ಶೀರ್ಷಿಕೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ.

ಹಾಗಾದರೆ ಕಿರುಜ್ವಾಲೆಗಳ ಊಹೆಯೇ ಬಿದ್ದುಹೋಯಿತೇ? ಇಲ್ಲ. ಉಪಕರಣಕ್ಕೆ ಕಾಣದಷ್ಟು ಚಿಕ್ಕ ಜ್ವಾಲೆಗಳ ಸಂಖ್ಯೆ ಎಷ್ಟು ಎಂಬುದರ ಮೇಲೆ ಅದು ನಿಂತಿದೆ. ಇದನ್ನು ನಮ್ಮ ಜಿಲ್ಲೆಯ ಮಳೆಯಿಂದ ಚೆನ್ನಾಗಿ ತಿಳಿಯಬಹುದು.

ಸೋನೆಯೋ, ಜಡಿಮಳೆಯೋ?

ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಗುಂಡ್ಲುಪೇಟೆ, ಚಾಮರಾಜನಗರಗಳಲ್ಲಿ ಮಳೆಯೆಂದರೆ ಎಣಿಕೆಯ ವಸ್ತು. ವರ್ಷದ ಒಟ್ಟು ಮಳೆಯಲ್ಲಿ ಹೆಚ್ಚು ಪಾಲು ಅನೇಕ ಸೋನೆಗಳಿಂದ ಬರುತ್ತದೆಯೋ, ಕೆಲವೇ ಜಡಿಮಳೆಗಳಿಂದಲೋ? ದಿನವಹಿ ಅಂಕಿಗಳನ್ನು 1-2, 2-4, 4-8, 8-16, 16-32, 32-64 ಮಿಲಿಮೀಟರ್ ಎಂದು ದುಪ್ಪಟ್ಟು ಗುಂಪುಗಳಾಗಿ ವಿಂಗಡಿಸಿ. ಗಾತ್ರ ಅರ್ಧವಾದಾಗ ದಿನಗಳ ಸಂಖ್ಯೆ ಸರಿಯಾಗಿ ಎರಡು ಪಟ್ಟಾದರೆ ಎಲ್ಲ ಗುಂಪುಗಳ ಕೊಡುಗೆಯೂ ಸಮ. ಎರಡು ಪಟ್ಟಿಗಿಂತ ಹೆಚ್ಚಾದರೆ ಸೋನೆಯದೇ ಮೇಲುಗೈ. ಕಡಿಮೆಯಾದರೆ ಜಡಿಮಳೆಯದು.

ಜ್ವಾಲೆಗಳಿಗೂ ಇದೇ ನಿಯಮ. ಜ್ವಾಲೆಗಳ ಶಕ್ತಿ ವಿತರಣೆಯ ಘಾತಾಂಕ 2 ಎಂಬುದು ಮೇಲಿನ ಸಮ-ಸಮ ಸ್ಥಿತಿ. ಘಾತಾಂಕ 2ಕ್ಕಿಂತ ಹೆಚ್ಚಿದ್ದರೆ ಮಾತ್ರ ಚಿಕ್ಕ ಜ್ವಾಲೆಗಳು ಕರೋನವನ್ನು ಕಾಯಿಸಬಲ್ಲವು ಎಂದು ಹ್ಯೂ ಹಡ್ಸನ್ 1991ರಲ್ಲಿ ತೋರಿಸಿದರು. ದೊಡ್ಡ ಜ್ವಾಲೆಗಳಿಗೆ ದೊರೆತ ಬೆಲೆ 2ಕ್ಕಿಂತ ಕಡಿಮೆ, 1.5ರಿಂದ 1.8. ಅತಿ ಚಿಕ್ಕವಕ್ಕೆ? 1998ರಲ್ಲಿ ಕ್ರುಕರ್ ಮತ್ತು ಬೆಂಜ್ ಶಾಂತ ಸೂರ್ಯನ ನೇರಳಾತೀತ ಚಿತ್ರಗಳಿಂದ 2.3ರಿಂದ 2.6 ಎಂದರು. 2000ದಲ್ಲಿ ಅಶ್ವಾಂಡನ್ ಮತ್ತು ಸಂಗಡಿಗರು ಅದೇ ಬಗೆಯ ಚಿತ್ರಗಳಿಂದ ಸುಮಾರು 1.8 ಎಂದರು. ಒಂದೇ ಸೂರ್ಯ, ಎರಡು ಉತ್ತರ! ಚಿತ್ರದಲ್ಲಿ ಉದ್ದ ಅಗಲ ಮಾತ್ರ ಕಾಣುತ್ತದೆ. ಕಾಣದ ಆಳವನ್ನು ಊಹಿಸಿದ ರೀತಿ ಬೇರೆಯಾದರೆ ಗಾತ್ರ ಬೇರೆ, ಶಕ್ತಿ ಬೇರೆ, ಘಾತಾಂಕವೂ ಬೇರೆ. ಅಂದರೆ ವಿವಾದದ ಒಂದು ದೊಡ್ಡ ಪಾಲು ಸೂರ್ಯನಲ್ಲಿಲ್ಲ, ನಮ್ಮ ಊಹೆಗಳಲ್ಲಿದೆ.

ಮಳೆಮಾಪಕದ ಇನ್ನೊಂದು ಪಾಠವೂ ಇದೆ. ತುಂತುರು ಹನಿ ಬಿದ್ದಾಗ ಮಾಪಕ ಏನನ್ನೂ ತೋರಿಸದಿರಬಹುದು; ತಗಡಿನ ಸೂರಿನ ಕೆಳಗೆ ಕುಳಿತವರಿಗೆ ಮಾತ್ರ ಸದ್ದು ಕೇಳುತ್ತದೆ. ಸೂರ್ಯನ ವಿಷಯದಲ್ಲಿ ಅಂಥ ತಗಡಿನ ಸೂರು ನಮ್ಮ ರಾಜ್ಯದಲ್ಲೇ ಇದೆ.

ಗೌರಿಬಿದನೂರಿನ ಸಾಕ್ಷ್ಯ

ಬೆಂಗಳೂರಿನ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ವೀಕ್ಷಣಾಲಯವಿದೆ. 1997ರಿಂದ ಅಲ್ಲಿನ ರೇಡಿಯೊ ಸೂರ್ಯಚಿತ್ರಕ ಕಡಿಮೆ ಆವರ್ತಾಂಕಗಳಲ್ಲಿ ಕರೋನವನ್ನು ಚಿತ್ರಿಸುತ್ತ ಬಂದಿದೆ. ಓಡುವ ಇಲೆಕ್ಟ್ರಾನುಗಳ ಗುಂಪು ಪ್ಲಾಸ್ಮಾದ ಮೂಲಕ ನುಗ್ಗಿದಾಗ ಅಲ್ಲಿನ ಇಲೆಕ್ಟ್ರಾನುಗಳು ಒಟ್ಟಾಗಿ ತೂಗಾಡುತ್ತವೆ. ಈ ತೂಗಾಟದ ಆವರ್ತಾಂಕ ಸಾಂದ್ರತೆಯ ವರ್ಗಮೂಲಕ್ಕೆ ಅನುಪಾತವಾಗಿರುತ್ತದೆ. ಘನ ಸೆಂಟಿಮೀಟರಿಗೆ ಸುಮಾರು 8 ಕೋಟಿ ಇಲೆಕ್ಟ್ರಾನುಗಳಿದ್ದರೆ ಅದು 80 ಮೆಗಾಹರ್ಟ್ಸ್. ತೂಗಾಟದ ಒಂದಂಶ ರೇಡಿಯೊ ಅಲೆಯಾಗಿ ನಮ್ಮನ್ನು ತಲಪುತ್ತದೆ. ಇಲೆಕ್ಟ್ರಾನುಗಳು ಒಂದೊಂದಾಗಿ ಅಲ್ಲ, ಒಕ್ಕೊರಲಿನಿಂದ ಕೂಗುವುದರಿಂದ ಕೆಲವೇ ಕಣಗಳಿದ್ದರೂ ಸದ್ದು ದೊಡ್ಡದು.

ಆರ್. ರಮೇಶ್ ಮತ್ತು ಸಂಗಡಿಗರು ಗೌರಿಬಿದನೂರಿನ ವೀಕ್ಷಣೆಗಳಿಂದ ಅತ್ಯಂತ ದುರ್ಬಲ ರೇಡಿಯೊ ಸ್ಫೋಟಗಳನ್ನು ಗುರುತಿಸಿ, ಅವುಗಳ ಹಿಂದಿನ ಶಕ್ತಿ 10¹⁴ ಜೂಲ್‌ನ ಆಸುಪಾಸಿನದೆಂದು 2010ರ ನಂತರದ ಪ್ರಬಂಧಗಳಲ್ಲಿ ಅಂದಾಜು ಮಾಡಿದರು. ಇದು ಕಿರುಜ್ವಾಲೆಯ ಹತ್ತು ಲಕ್ಷದಲ್ಲೊಂದು ಭಾಗ. ಪಿಕೊ ಜ್ವಾಲೆಯ ದರ್ಜೆ. ಕೈಗಾ ಸ್ಥಾವರ ಇಷ್ಟನ್ನು ಸುಮಾರು 32 ಗಂಟೆಗಳಲ್ಲಿ ಉತ್ಪಾದಿಸಬಲ್ಲದು. ಕ್ಷ-ಕಿರಣದಲ್ಲಿ ಕಾಣದ ಮಟ್ಟದಲ್ಲೂ ವೇಗೋತ್ಕರ್ಷ ನಡೆಯುತ್ತಿದೆ ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ. ನಮ್ಮ ಪಾಠಗಳಲ್ಲಿ ಚಂದ್ರಯಾನದ ಫಲಿತಾಂಶಕ್ಕೆ ಸಿಕ್ಕ ಜಾಗದ ಕಾಲುಭಾಗವೂ ಇದಕ್ಕೆ ಸಿಕ್ಕಿಲ್ಲ ಎಂಬುದು ಖೇದದ ಸಂಗತಿ.

ಆದರೆ ಇಲ್ಲೂ ಎಚ್ಚರ ಬೇಕು. ಒಕ್ಕೊರಲಿನ ಸದ್ದಿನಿಂದ ಕೂಗಿದವರ ತಲೆ ಎಣಿಸಲಾಗದು. ರೇಡಿಯೊ ಹೊಳಪಿಗೂ ಇಲೆಕ್ಟ್ರಾನುಗಳ ಸಂಖ್ಯೆಗೂ ನೇರ ಅನುಪಾತವಿಲ್ಲದ ಕಾರಣ 10¹⁴ ಎಂಬ ಅಂಕಿ ಹಲವು ಊಹೆಗಳ ಮೇಲೆ ನಿಂತಿದೆ. ರೇಡಿಯೊ ಒಳ್ಳೆಯ ಪತ್ತೇದಾರ, ಆದರೆ ಒಳ್ಳೆಯ ತಕ್ಕಡಿಯಲ್ಲ. ಮೃದು ಕ್ಷ-ಕಿರಣ ಸಾಕಷ್ಟು ಒಳ್ಳೆಯ ತಕ್ಕಡಿ, ಆದರೆ ವೇಗೋತ್ಕರ್ಷದ ಪತ್ತೇದಾರನಲ್ಲ. ಇವೆರಡನ್ನೂ ಒಂದೇ ಜ್ವಾಲೆಯ ಮೇಲೆ ಏಕಕಾಲಕ್ಕೆ ಹೂಡಿದಾಗ ಮಾತ್ರ ನ್ಯಾಯ ಸಿಗುತ್ತದೆ.

ಎಲ್ಲ ಕಣವೂ ಸೂರ್ಯನದಲ್ಲ

ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಊಟಿಗೆ ಹೋಗುವವರಿಗೆ ಅಲ್ಲಿನ ವಿಶ್ವಕಿರಣ ಪ್ರಯೋಗಾಲಯದ ಗ್ರೇಪ್ಸ್-3 ಪ್ರಯೋಗದ ಹೆಸರು ಪರಿಚಿತವಿರಬಹುದು. 2015ರ ಜೂನ್ 22ರಂದು ಭೂಕಾಂತ ಬಿರುಗಾಳಿ ಎದ್ದಾಗ ಅಲ್ಲಿನ ಮ್ಯೂಆನ್ ದೂರದರ್ಶಕ ಸುಮಾರು ಎರಡು ಗಂಟೆ ಕಾಲ ಮ್ಯೂಆನುಗಳ ಏರಿಕೆಯನ್ನು ದಾಖಲಿಸಿತು. ಸೂರ್ಯನಿಂದ ಕಣಗಳ ಮಳೆ ಸುರಿಯಿತೆಂದು ಇದನ್ನು ವಿವರಿಸುವವರಿದ್ದಾರೆ. 2016ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳುವುದೇ ಬೇರೆ. ಸೂರ್ಯನಿಂದ ಬಂದ ಪ್ಲಾಸ್ಮಾ ಮೋಡ ಭೂಮಿಯ ಕಾಂತ ರಕ್ಷೆಯನ್ನು ತುಸು ದುರ್ಬಲಗೊಳಿಸಿದಾಗ ಆಕಾಶಗಂಗೆಯ ವಿಶ್ವಕಿರಣಗಳು ಹೆಚ್ಚಾಗಿ ಒಳನುಗ್ಗಿದವು. ಅವುಗಳ ಶಕ್ತಿ ಹತ್ತಾರು ಗಿಗಾ ಇಲೆಕ್ಟ್ರಾನ್‌ವೋಲ್ಟ್. ಕಿರುಜ್ವಾಲೆಯ ಇಲೆಕ್ಟ್ರಾನುಗಳದು ಹತ್ತಾರು ಕಿಲೋ. ಹತ್ತು ಲಕ್ಷ ಪಟ್ಟಿನ ಈ ಅಂತರವನ್ನು ಮರೆತು ಎರಡನ್ನೂ 'ಸೌರ ಕಣ' ಎಂಬ ಒಂದೇ ಚೀಲಕ್ಕೆ ತುಂಬುವುದು ಸಲ್ಲದು.

ಆದಿತ್ಯನಿಂದ ಏನು ನಿರೀಕ್ಷಿಸಬಹುದು?

2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿದ ಆದಿತ್ಯ-ಎಲ್1 ನೌಕೆಯಲ್ಲಿ ಎರಡು ಕ್ಷ-ಕಿರಣ ಉಪಕರಣಗಳಿವೆ: ಮೃದು ಕ್ಷ-ಕಿರಣಕ್ಕೆ ಸೋಲೆಕ್ಸ್, ಕಠಿಣ ಕ್ಷ-ಕಿರಣಕ್ಕೆ ಹೆಲಿಯೋಸ್. ಎರಡೂ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದವು. 2023ರ ಅಕ್ಟೋಬರ್ 29ರಂದೇ ಹೆಲಿಯೋಸ್ ಒಂದು ಜ್ವಾಲೆಯ ಆರಂಭದ ಹಂತವನ್ನು ದಾಖಲಿಸಿತು. ಬಿಸಿ ಮತ್ತು ವೇಗೋತ್ಕರ್ಷಗಳನ್ನು ಒಂದೇ ನೌಕೆಯಿಂದ ಒಟ್ಟಿಗೆ ನೋಡುವ ಅವಕಾಶ ಇದು.

ಮಿತಿಗಳನ್ನೂ ಹೇಳಬೇಕು. ಈ ಎರಡೂ ಉಪಕರಣಗಳು ಇಡೀ ಸೂರ್ಯನ ಬೆಳಕನ್ನು ಒಟ್ಟಾಗಿ ಅಳೆಯುತ್ತವೆ, ಚಿತ್ರ ತೆಗೆಯುವುದಿಲ್ಲ. ಜ್ವಾಲೆಯ ಜಾಗವನ್ನು ಬೇರೆ ಉಪಕರಣಗಳ ಚಿತ್ರಗಳಿಂದ ತಿಳಿಯಬೇಕು. ಜಾಗ ಎಷ್ಟು ಮುಖ್ಯವೆಂದು ಮೇಲೆ ನೋಡಿದ್ದೇವೆ. ಅಲ್ಲದೆ, ಹೆಲಿಯೋಸ್‌ನ ವ್ಯಾಪ್ತಿ ಸುಮಾರು 8 ಕಿಲೋ ಇಲೆಕ್ಟ್ರಾನ್‌ವೋಲ್ಟ್‌ನಿಂದ ಮೇಲಕ್ಕೆ. ಕಿರುಜ್ವಾಲೆಯ ಕಥೆ ನಡೆಯುವುದು ಸರಿಯಾಗಿ ಈ ಹೊಸಿಲಿನ ಆಚೀಚೆ. ಆದ್ದರಿಂದ ದೊಡ್ಡ ಮತ್ತು ಮಧ್ಯಮ ಜ್ವಾಲೆಗಳ ಮಟ್ಟಿಗೆ ಆದಿತ್ಯ ಹೇಳುವುದನ್ನು ಧೈರ್ಯವಾಗಿ ನಂಬಬಹುದು. ಅತಿ ಚಿಕ್ಕವುಗಳ ಮಟ್ಟಿಗೆ ಪ್ರತಿ ಅಂಕಿಯ ಜೊತೆಗೂ ಕೆಳಮಿತಿ ಎಷ್ಟೆಂದು ಕೇಳಬೇಕು.

ತರಗತಿಯಲ್ಲಿ ಮಾಡಬೇಕಾದ್ದು

ಇದೆಲ್ಲ ತಜ್ಞರ ಚರ್ಚೆ, ಪಾಠ ಮಾಡುವವರಿಗೆ ಏಕೆ ಎನ್ನಬಹುದು. 'ಒಗಟು ಬಿಡಿಸಲಾಗಿದೆ' ಎಂದು ಕೇಳಿದ ವಿದ್ಯಾರ್ಥಿ ಅದನ್ನು ಬರೆದುಕೊಂಡು ಪುಟ ತಿರುವುತ್ತಾನೆ. 'ಬೇಕಾದದ್ದು 300, ಸಿಕ್ಕಿದ್ದು 0.003' ಎಂದು ತಾನೇ ಲೆಕ್ಕ ಮಾಡಿದ ವಿದ್ಯಾರ್ಥಿನಿ ಉಳಿದದ್ದು ಎಲ್ಲಿಂದ ಬಂತೆಂದು ಕೇಳುತ್ತಾಳೆ. ಆ ಪ್ರಶ್ನೆ ಹುಟ್ಟದಂತೆ ನೋಡಿಕೊಳ್ಳುವ ಪಾಠ, ಮಾಹಿತಿಯಲ್ಲಿ ಎಷ್ಟೇ ಹೊಸದಾದರೂ, ವಿಜ್ಞಾನದ ಪಾಠವಲ್ಲ.

ಆ ಪ್ರಶ್ನೆಯನ್ನು ಬೆನ್ನಟ್ಟಲು ಚಾಮರಾಜನಗರವನ್ನು ಬಿಟ್ಟು ಹೋಗಬೇಕಾಗಿಯೂ ಇಲ್ಲ. ಚಂದ್ರಯಾನ-2ರ ಸೌರ ಕ್ಷ-ಕಿರಣ ದತ್ತಾಂಶ ಬ್ಯಾಲಾಳುವಿನ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದ 'ಪ್ರದಾನ್' ತಾಣದಲ್ಲಿ ಉಚಿತವಾಗಿ ಲಭ್ಯ. ಆದಿತ್ಯ-ಎಲ್1ರ ದತ್ತಾಂಶವನ್ನೂ 2025ರ ಜನವರಿಯಿಂದ ಅಲ್ಲಿ ಒದಗಿಸಲಾಗಿದೆ. ಪದವಿ ತರಗತಿಯ ವಿದ್ಯಾರ್ಥಿಗಳು ಒಂದು ಗಣಕದಲ್ಲಿ ದಿನವೊಂದರ ಹರಿವಿನ ಆಲೇಖ ಬರೆದು ಏರಿಳಿತಗಳನ್ನು ಗುರುತಿಸಬಹುದು. ಹಿನ್ನೆಲೆಯ ಎಷ್ಟು ಪಟ್ಟು ಏರಿದರೆ ಅದನ್ನು ಜ್ವಾಲೆ ಎನ್ನಬೇಕೆಂದು ಅವರೇ ನಿರ್ಧರಿಸಲಿ. ಆ ಮಿತಿಯನ್ನು ಬದಲಿಸಿದಾಗ ಜ್ವಾಲೆಗಳ ಸಂಖ್ಯೆ ಹೇಗೆ ಬದಲಾಗುತ್ತದೆಂದು ನೋಡಲಿ. ಪ್ರೌಢಶಾಲೆಯ ಮಕ್ಕಳು ಅಷ್ಟರಲ್ಲಿ ಮಳೆಯ ಅಂಕಿಗಳನ್ನು ದುಪ್ಪಟ್ಟು ಗುಂಪುಗಳಾಗಿ ವಿಂಗಡಿಸಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳನ್ನು ಇರಿಸಿರುವುದರಿಂದ ಅಂಕಿಗಳಿಗೆ ಕೊರತೆಯಾಗದು.

ಕೊನೆಯದಾಗಿ ಅಧ್ಯಾಪಕ ಮಿತ್ರರಲ್ಲಿ ಒಂದು ಸೂಚನೆ. ಸೌರಜ್ವಾಲೆಯ ಬಗ್ಗೆ ಯಾವ ಹೊಸ ಸುದ್ದಿ ಬಂದರೂ ಮೂರು ಪ್ರಶ್ನೆಗಳನ್ನು ಕೇಳಿ. ಅಳೆದದ್ದು ಬಿಸಿಯನ್ನೋ, ಕಣಗಳನ್ನೋ? ಉಪಕರಣದ ಕೆಳಮಿತಿ ಎಷ್ಟು? ಆ ಮಿತಿಯ ಕೆಳಗೆ ಇರುವುದನ್ನು ಕಂಡಿದ್ದಾರೋ, ಊಹಿಸಿದ್ದಾರೋ? 98 ಎಂಬ ಸಂಖ್ಯೆ ಈ ಪ್ರಶ್ನೆಗಳಿಂದ ಚಿಕ್ಕದಾಗುವುದಿಲ್ಲ. ಶಾಂತನೆಂದುಕೊಂಡ ಸೂರ್ಯನೂ ದಿನಕ್ಕೊಂದಕ್ಕಿಂತ ಹೆಚ್ಚು ಬಾರಿ ಸಿಡಿಯುತ್ತಾನೆಂದು ತೋರಿಸಿದ್ದು ಅದರ ನಿಜವಾದ ಹಿರಿಮೆ. ಆ ಸಿಡಿತದಲ್ಲಿ ಎಷ್ಟು ಕಣಗಳು ಓಡಿದವು ಎಂಬ ಲೆಕ್ಕ ಇನ್ನೂ ಬಾಕಿ ಇದೆ.